ದುಡಿಮೆ, ಮನೆ, ವಯಸ್ಸು: ಮಲೆನಾಡಿನ ಒಂದು ಸಮಾಜ ಸಂಶೋಧನೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನೀವು ಅಧ್ಯಯನ ಮಾಡುವುದು ನಿಜವಾಗಿ ಏನನ್ನು?

ಮಲೆನಾಡಿನ ಮನೆಗಳಲ್ಲಿ ಯಾರು ಯಾವ ಕೆಲಸವನ್ನು ಯಾವ ವಯಸ್ಸಿನಲ್ಲಿ ಹಿಡಿಯುತ್ತಾರೆ, ಯಾವಾಗ ಬಿಡುತ್ತಾರೆ, ಹಾಗೆ ಹಿಡಿಯುವುದಕ್ಕೂ ಬಿಡುವುದಕ್ಕೂ ಮನೆಯ ಉಳಿದವರ ಬದುಕು ಹೇಗೆ ಕಾರಣವಾಗುತ್ತದೆ ಎನ್ನುವುದು ನನ್ನ ವಿಷಯ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಡಿಕೆ ಸೀಮೆ, ಭದ್ರಾವತಿಯ ಕಾರ್ಖಾನೆ ಬಡಾವಣೆಗಳು, ಶಿವಮೊಗ್ಗದ ಅಂಚಿನಲ್ಲಿ ಎದ್ದಿರುವ ಹೊಸ ಬಡಾವಣೆಗಳು, ಈ ಮೂರೂ ಕಡೆ ನಾನು ಕೇಳುವುದು ಇದನ್ನೇ. ಸಮಾಜಶಾಸ್ತ್ರದಲ್ಲಿ ಇದಕ್ಕೆ ಜೀವನಪಥದ ಅಧ್ಯಯನ ಎನ್ನುತ್ತಾರೆ.

ಒಬ್ಬರ ಉದ್ಯೋಗವನ್ನು ಅವರ ಓದು, ಜಾಣ್ಮೆ, ಅದೃಷ್ಟಗಳಿಂದ ಮಾತ್ರ ವಿವರಿಸುವುದು ನಮ್ಮ ರೂಢಿ. ನನಗೆ ಅದು ಸಾಲದು ಅನ್ನಿಸುತ್ತದೆ. ಅತ್ತೆ ಹಾಸಿಗೆ ಹಿಡಿದ ವರ್ಷ, ಅಣ್ಣತಮ್ಮಂದಿರು ಹಿಸ್ಸೆಯಾದ ವರ್ಷ, ಮೊದಲ ಮಗು ಶಾಲೆಗೆ ಸೇರಿದ ವರ್ಷ, ಇವುಗಳನ್ನು ಪಕ್ಕದಲ್ಲಿ ಬರೆದುಕೊಳ್ಳದೆ ಒಬ್ಬ ಹೆಣ್ಣುಮಗಳ ಉದ್ಯೋಗದ ಇತಿಹಾಸ ಅರ್ಥವಾಗುವುದೇ ಇಲ್ಲ. ಗಂಡಸರದೂ ಅಷ್ಟೆ, ಆದರೆ ಅವರು ಅದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ.

ಈ ಬಗೆಯ ಅಧ್ಯಯನ ಎಲ್ಲಿ ಶುರುವಾಯಿತು?

ಬೇರುಗಳು ಹಲವು. ಎಲ್ಲರೂ ಮೊದಲು ಹೇಳುವ ಹೆಸರು ಅಮೆರಿಕದ ಸಮಾಜಶಾಸ್ತ್ರಜ್ಞ ಗ್ಲೆನ್ ಎಲ್ಡರ್ ಅವರದು. 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಬೆಳೆದ ಕ್ಯಾಲಿಫೋರ್ನಿಯಾದ ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ದಾಖಲೆಗಳು ಅವರ ಕೈಗೆ ಸಿಕ್ಕವು. ಓಕ್ಲೆಂಡ್ ನಗರದ ಮಕ್ಕಳು 1920-21ರಲ್ಲಿ ಹುಟ್ಟಿದವರು, ಬರ್ಕ್ಲಿಯವರು 1928-29ರಲ್ಲಿ. ಎರಡೂ ಊರುಗಳು ಅಕ್ಕಪಕ್ಕ, ಎರಗಿದ ಕಷ್ಟವೂ ಒಂದೇ. ಆದರೆ ಪರಿಣಾಮ ಒಂದೇ ಆಗಿರಲಿಲ್ಲ. ಓಕ್ಲೆಂಡಿನ ಮಕ್ಕಳಿಗೆ ಆಗ ಹತ್ತು ಹನ್ನೆರಡು ವರ್ಷ ದಾಟಿತ್ತು. ಅಪ್ಪನ ಸಂಪಾದನೆ ಕುಸಿದಾಗ ಹುಡುಗರು ಹೊರಗೆ ಸಣ್ಣಪುಟ್ಟ ಕೆಲಸ ಹಿಡಿದರು, ಹುಡುಗಿಯರು ಮನೆಗೆಲಸ ವಹಿಸಿಕೊಂಡರು. ಮನೆಗೆ ತಾವು ಬೇಕು ಎಂಬ ಭಾವ ಅವರನ್ನು ಹಿಡಿದು ನಿಲ್ಲಿಸಿತು. ಬರ್ಕ್ಲಿಯವರು ಆಗಿನ್ನೂ ಎಳೆಯ ಕೂಸುಗಳು. ಅವರಿಗೆ ಮನೆಯ ಜಗಳ, ಅಪ್ಪನ ಕೋಪ, ಅಭದ್ರತೆ ಮಾತ್ರ ದಕ್ಕಿದವು. ಅವರಲ್ಲೂ ಗಂಡುಮಕ್ಕಳ ಮೇಲೆ ಪೆಟ್ಟು ಹೆಚ್ಚು ಬಿತ್ತು. ಆದರೂ ಅವರಲ್ಲಿ ಅನೇಕರು ಮುಂದೆ ಸೈನ್ಯ ಸೇರಿ, ಕಾಲೇಜು ಓದಿ ಚೇತರಿಸಿಕೊಂಡರು ಎಂಬುದನ್ನೂ ಎಲ್ಡರ್ ತೋರಿಸಿದರು.

ಒಂದು ಘಟನೆ ಏನು ಮಾಡುತ್ತದೆ ಎನ್ನುವುದು ಅದು ನಮ್ಮ ಯಾವ ವಯಸ್ಸಿನಲ್ಲಿ ಬಂತು ಎನ್ನುವುದರ ಮೇಲೆ ನಿಂತಿದೆ ಎಂಬ ಮಾತು ಕೇಳಲು ಸರಳ. ಆದರೆ ಅದನ್ನು ಸಾಕ್ಷ್ಯ ಇಟ್ಟು ತೋರಿಸಿದ್ದು ದೊಡ್ಡ ಕೆಲಸ ಎಂದು ನಾನು ನಂಬಿದ್ದೇನೆ.

ಅಮೆರಿಕದ ಮಕ್ಕಳ ಕಥೆ ನಮ್ಮ ಮಲೆನಾಡಿಗೆ ಯಾಕೆ ಬೇಕು?

ನಮ್ಮಲ್ಲೂ ಅಂಥ ಘಟನೆಗಳು ಒಂದರ ಹಿಂದೆ ಒಂದು ಬಂದಿವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದವು. ನೀರು ಏರಿದಾಗ ಎಂಟು ವರ್ಷದವರಾಗಿದ್ದವರು ಹೊಸ ಊರಿನ ಶಾಲೆಗೆ ಹೋಗಿ, ಹೊಸ ಗೆಳೆಯರನ್ನು ಹುಡುಕಿಕೊಂಡು ಬೆಳೆದರು, ಅಥವಾ ಶಾಲೆಯನ್ನೇ ಬಿಟ್ಟರು. ಆಗ ಇಪ್ಪತ್ತೈದು ದಾಟಿದ್ದವರು ಕಾಡಿನ ನಡುವೆ ಹೊಸದಾಗಿ ಗದ್ದೆ ಕಡಿದರು. ಅರವತ್ತು ಮೀರಿದ್ದವರಿಗೆ ಹೊಸದಾಗಿ ಕಟ್ಟಲು ಆಯುಷ್ಯ ಉಳಿದಿರಲಿಲ್ಲ. ಮುಳುಗಡೆ ಒಂದೇ, ಆದರೆ ಒಂದೇ ಮನೆಯೊಳಗೆ ಮೂರು ಬೇರೆ ಬೇರೆ ಮುಳುಗಡೆಗಳು. ಅರವತ್ತು ವರ್ಷಗಳಾದರೂ ಆ ಕುಟುಂಬಗಳಲ್ಲಿ ಅನೇಕರ ಹಕ್ಕುಪತ್ರದ ಪ್ರಶ್ನೆ ಬಗೆಹರಿದಿಲ್ಲ. ಅಂದರೆ ಆ ಘಟನೆ ಮೊಮ್ಮಕ್ಕಳ ಸಾಲ, ಓದು, ಮದುವೆಗಳಲ್ಲಿ ಇನ್ನೂ ನಡೆಯುತ್ತಲೇ ಇದೆ.

ಭೂಸುಧಾರಣೆಯನ್ನೂ ಹೀಗೆಯೇ ನೋಡಬೇಕು. 1951ರ ಕಾಗೋಡು ಸತ್ಯಾಗ್ರಹದಲ್ಲಿ ನಿಂತ ಗೇಣಿದಾರರಿಗೆ ಕಾನೂನಿನ ಬಲ ಸಿಕ್ಕಿದ್ದು ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ. ಸತ್ಯಾಗ್ರಹದ ದಿನ ಇಪ್ಪತ್ತರ ಹರೆಯದಲ್ಲಿದ್ದವನು ಭೂಮಿಯ ಒಡೆಯನಾಗುವ ಹೊತ್ತಿಗೆ ನಡುವಯಸ್ಸು ದಾಟುತ್ತಿದ್ದ. ಅವನ ಹಿರಿಯ ಮಗ ಗೇಣಿಯ ಮನೆಯಲ್ಲಿ ಬೆಳೆದ, ಕಿರಿಯ ಮಗ ಸ್ವಂತ ಗದ್ದೆಯ ಮನೆಯಲ್ಲಿ ಬೆಳೆದ. ಒಂದೇ ತಾಯಿಯ ಇಬ್ಬರು ಮಕ್ಕಳ ಓದಿನ ಅಂತರಕ್ಕೆ ಇಂಥ ಕಾರಣ ಇರಬಹುದು ಎಂದು ಯೋಚಿಸುವವರು ಕಡಿಮೆ.

"ನಮ್ಮ ಮನೆಯವಳು ಕೆಲಸಕ್ಕೆ ಹೋಗುವುದಿಲ್ಲ, ಮನೆಯಲ್ಲೇ ಇದ್ದಾಳೆ." ಇಂಥವರನ್ನು ಯಾವ ಲೆಕ್ಕಕ್ಕೆ ಸೇರಿಸುತ್ತೀರಿ?

ನನಗೆ ಅತಿ ಮುಖ್ಯವಾದ ಪ್ರಶ್ನೆ ಇದು, ಸ್ವಲ್ಪ ಉದ್ದಕ್ಕೆ ಉತ್ತರಿಸುತ್ತೇನೆ.

ಅಡಿಕೆ ಕೊಯ್ಲಿನ ದಿನಗಳಲ್ಲಿ ಯಾವುದಾದರೂ ತೋಟದ ಮನೆಗೆ ಹೋಗಿ ನೋಡಿ. ಬೆಳಗಿನ ಜಾವ ಎದ್ದು ಕೊಟ್ಟಿಗೆ, ಹಾಲು, ತಿಂಡಿ. ಆಮೇಲೆ ಕೆಲಸದವರಿಗೆ ಚಹಾ, ಊಟ. ಮಧ್ಯಾಹ್ನ ಬೇಯಿಸಿದ ಅಡಿಕೆಯನ್ನು ಅಟ್ಟದ ಮೇಲೆ ಹರಡುವುದು, ಮೋಡ ಕವಿದರೆ ಓಡಿ ಮುಚ್ಚುವುದು. ರಾತ್ರಿ ಊಟವಾದ ಮೇಲೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವುದು. ಇಷ್ಟನ್ನೂ ಮಾಡುವ ಹೆಂಗಸನ್ನು "ನೀವು ಏನು ಕೆಲಸ ಮಾಡುತ್ತೀರಿ ಅಮ್ಮಾ?" ಎಂದು ಕೇಳಿದರೆ "ಏನೂ ಇಲ್ಲ, ಮನೆಯಲ್ಲೇ" ಎನ್ನುತ್ತಾರೆ. ಪಕ್ಕದಲ್ಲಿ ಕುಳಿತ ಯಜಮಾನರೂ ಹೌದೆಂದು ತಲೆಯಾಡಿಸುತ್ತಾರೆ.

ಸರ್ಕಾರದ ಕಾರ್ಮಿಕ ಸಮೀಕ್ಷೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಕೇತ ಸಂಖ್ಯೆ ಬೀಳುತ್ತದೆ. ಮನೆಗೆಲಸ ಮಾತ್ರ ಮಾಡುವವರಿಗೆ 92. ಮನೆಗೆಲಸದ ಜೊತೆ ಸೌದೆ, ಸೊಪ್ಪು, ಮೇವು ತರುವಂಥ ಕೆಲಸ ಮಾಡುವವರಿಗೆ 93. ಈ ಎರಡೂ ದುಡಿಯುವವರ ಪಟ್ಟಿಯ ಹೊರಗೆ. ಮನೆಯ ತೋಟದಲ್ಲಿ ಸಂಬಳವಿಲ್ಲದೆ ಸಹಾಯ ಮಾಡುವವರಿಗೆ 21, ಅದು ಪಟ್ಟಿಯ ಒಳಗೆ. ನಾನು ಹೇಳಿದ ಹೆಂಗಸು ನ್ಯಾಯವಾಗಿ 21ಕ್ಕೆ ಸೇರಬೇಕು. ಆದರೆ "ಏನೂ ಇಲ್ಲ" ಎಂಬ ಒಂದು ಉತ್ತರ, ಅವಸರದಲ್ಲಿರುವ ಗಣತಿದಾರ, ಇವೆರಡು ಸೇರಿದರೆ ಆಕೆ 92 ಆಗುತ್ತಾರೆ. 2011ರ ಜನಗಣತಿಯಲ್ಲಿ ವರ್ಷಕ್ಕೆ ಆರು ತಿಂಗಳಿಗಿಂತ ಕಡಿಮೆ ದುಡಿದವರು ಅಲ್ಪಾವಧಿ ಕಾರ್ಮಿಕರು. ಕೂಲಿಗೆ ಅಡಿಕೆ ಸುಲಿದು, ಮಳೆಗಾಲದಲ್ಲಿ ನಾಟಿಗೆ ಹೋಗಿ ಮನೆ ನಡೆಸುವ ಹೆಂಗಸು ಅಲ್ಲಿ ಅಲ್ಪಾವಧಿಯವರು. ಅವರ ವರ್ಷದಲ್ಲಿ ಬಿಡುವಿನ ತಿಂಗಳು ಯಾವುದು ಎಂದು ನಾನು ಹುಡುಕಿದ್ದೇನೆ, ನನಗೆ ಸಿಕ್ಕಿಲ್ಲ.

ದೇಶದಲ್ಲಿ 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ದುಡಿಯುವವರ ಅಥವಾ ಕೆಲಸ ಹುಡುಕುವವರ ಪಾಲು 2017-18ರಲ್ಲಿ ಶೇಕಡಾ 23.3 ಇದ್ದದ್ದು 2023-24ರಲ್ಲಿ 41.7ಕ್ಕೆ ಏರಿದೆ. ಏರಿಕೆಯಲ್ಲಿ ದೊಡ್ಡ ಪಾಲು ಹಳ್ಳಿಗಳ ಸ್ವಂತ ದುಡಿಮೆ ಮತ್ತು ಸಂಬಳವಿಲ್ಲದ ಸಹಾಯದ್ದು. ಹೊಸದಾಗಿ ಕೆಲಸ ಹಿಡಿದವರು ಎಷ್ಟು, ಮೊದಲಿಂದಲೂ ದುಡಿಯುತ್ತಿದ್ದು ಈಗ ಲೆಕ್ಕಕ್ಕೆ ಬಂದವರು ಎಷ್ಟು ಎಂಬ ಚರ್ಚೆ ಅರ್ಥಶಾಸ್ತ್ರಜ್ಞರಲ್ಲಿ ಇನ್ನೂ ಮುಗಿದಿಲ್ಲ.

ಇದಕ್ಕಿಂತ ನೇರವಾದ ದಾರಿ ಸಮಯದ ಬಳಕೆಯ ಸಮೀಕ್ಷೆ. ಹಿಂದಿನ ದಿನದ ಬೆಳಗಿನ 4 ಗಂಟೆಯಿಂದ ಈ ದಿನದ 4 ಗಂಟೆಯವರೆಗೆ ಏನೇನು ಮಾಡಿದಿರಿ ಎಂದು ಅರ್ಧರ್ಧ ಗಂಟೆಯಂತೆ ಕೇಳುತ್ತಾರೆ. ಇಡೀ ದೇಶದ ಮಟ್ಟದಲ್ಲಿ ಇದು ಮೊದಲು ನಡೆದದ್ದು 2019ರಲ್ಲಿ. 2024ರ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಟ್ಟರು, ಗಂಡಸರು 88 ನಿಮಿಷ. ಐದು ವರ್ಷ ಹಿಂದೆ ಇದು 299 ಮತ್ತು 97 ಇತ್ತು. ಹೆಂಗಸರದು ಹತ್ತು ನಿಮಿಷ ಇಳಿಯಿತು, ಗಂಡಸರದೂ ಇಳಿಯಿತು. ಅಂತರ ಹಾಗೆಯೇ ಉಳಿಯಿತು.

ಆದ್ದರಿಂದ ನಾನು "ಕೆಲಸ ಮಾಡುತ್ತೀರಾ" ಎಂದು ಕೇಳುವುದನ್ನೇ ಬಿಟ್ಟಿದ್ದೇನೆ. "ನಿನ್ನೆ ಎದ್ದ ಮೇಲೆ ಮೊದಲು ಏನು ಮಾಡಿದಿರಿ, ಆಮೇಲೆ?" ಎಂದು ಶುರು ಮಾಡುತ್ತೇನೆ. ರಾತ್ರಿ ಮಲಗುವವರೆಗೆ ಹೇಳಿ ಮುಗಿಸಿದಾಗ ಕೆಲವರು ತಾವೇ ಬೆರಗಾಗುತ್ತಾರೆ.

ಅಡಿಕೆ ಸುಲಿಯುವ ಯಂತ್ರ ಬಂದಿದೆಯಲ್ಲ, ಹೆಂಗಸರ ಕೆಲಸ ಕಡಿಮೆಯಾಗಿರಬೇಕಲ್ಲವೇ?

ತೋಟದ ಮನೆಯ ಹೆಂಗಸರ ನಿದ್ದೆ ಹೆಚ್ಚಿತು, ಅದು ನಿಜ ಮತ್ತು ಒಳ್ಳೆಯದು. ಕೂಲಿಗೆ ಸುಲಿಯುತ್ತಿದ್ದ ಹೆಂಗಸರ ಕೈಗೆ ಮಾತ್ರ ಆ ಮೂರ್ನಾಲ್ಕು ತಿಂಗಳ ನಗದು ತಪ್ಪಿತು. ಮನೆಯ ಹತ್ತಿರ, ಮಕ್ಕಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಮಾಡಬಹುದಾಗಿದ್ದ ದುಡಿಮೆ ಅದು. ಅದರ ಬದಲಿಗೆ ಸಿಕ್ಕಿದ ಕೆಲಸಗಳು ಬಹುತೇಕ ಬಸ್ ಹತ್ತಿ ಹೋಗಬೇಕಾದವು.

ಬರೀ ಹೆಂಗಸರ ಬಗ್ಗೆಯೇ ಮಾತನಾಡುತ್ತೀರಿ. ಗಂಡಸರ ದುಡಿಮೆಗೆ ಬೆಲೆಯಿಲ್ಲವೇ?

ಇದೆ. ಕೊನೆಗಾರರ ಬಗ್ಗೆ ಹೇಳುತ್ತೇನೆ. ಮಳೆಗಾಲದಲ್ಲಿ ಕೊಳೆ ರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯುವುದು, ಕೊಯ್ಲಿನಲ್ಲಿ ಮರದಿಂದ ಮರಕ್ಕೆ ದಾಟುತ್ತಾ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವುದು ಇವರ ಕೆಲಸ. ಪಾಚಿಗಟ್ಟಿದ ಮರ ಜಾರುತ್ತದೆ. ಬಿದ್ದರೆ ಬೆನ್ನುಮೂಳೆ. ದಿನದ ಕೂಲಿ ಉಳಿದವರಿಗಿಂತ ಹೆಚ್ಚು ನಿಜ, ಆದರೆ ಆ ಕೂಲಿ ದೇಹಕ್ಕೆ ಶಕ್ತಿ ಇರುವವರೆಗೆ ಮಾತ್ರ. ಕಚೇರಿ ನೌಕರ ಐವತ್ತರಲ್ಲಿ ತನ್ನ ಸಂಬಳದ ಮೇಲ್ತುದಿಗೆ ಬರುವಾಗ ಕೊನೆಗಾರ ಮರ ಹತ್ತುವುದನ್ನು ಬಿಡುವ ಯೋಚನೆಯಲ್ಲಿರುತ್ತಾನೆ, ಪಿಂಚಣಿಯಿಲ್ಲದೆ. ಮಗನನ್ನು ಈ ಕೆಲಸಕ್ಕೆ ಇಳಿಸಲು ಅವನಿಗೇ ಇಷ್ಟವಿಲ್ಲ. ಹಾಗಾಗಿ ನುರಿತವರು ಕಡಿಮೆಯಾದರು. ತೋಟದವರು ಈಗ ಕಾರ್ಬನ್ ಫೈಬರ್ ದೋಟಿ ಕೊಂಡು ನೆಲದಲ್ಲಿ ನಿಂತೇ ಔಷಧಿ ಹೊಡೆಯುವುದನ್ನು, ಕೊನೆ ಕೀಳುವುದನ್ನು ಕಲಿತಿದ್ದಾರೆ. ಈ ಬದಲಾವಣೆಯನ್ನು ತಂತ್ರಜ್ಞಾನದ ಕಥೆಯಾಗಿ ಬರೆಯುವವರಿದ್ದಾರೆ. ಒಬ್ಬ ಅಪ್ಪ ತನ್ನ ಮಗನಿಗಾಗಿ ತೆಗೆದುಕೊಂಡ ತೀರ್ಮಾನದ ಕಥೆಯೂ ಅದರೊಳಗಿದೆ.

ಭದ್ರಾವತಿಯಲ್ಲಿ ಏನು ಕಂಡಿರಿ?

1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, ಮುಂದಿನ ದಶಕದಲ್ಲಿ ಬಂದ ಕಾಗದ ಕಾರ್ಖಾನೆ, ಇವೆರಡೂ ಸೇರಿ ಊರಿಗೆ ಒಂದು ಕ್ರಮ ಕೊಟ್ಟಿದ್ದವು: ಐಟಿಐ ಓದು, ಕಾಯಂ ನೌಕರಿ, ಕ್ವಾರ್ಟರ್ಸ್, ಮದುವೆ, ನಿವೃತ್ತಿಗೆ ಮುಂಚೆ ಸ್ವಂತ ಮನೆ. ಸೈರನ್ ಕೂಗಿಗೆ ಇಡೀ ಊರಿನ ಅಡುಗೆಮನೆಗಳು ಓಡುತ್ತಿದ್ದವು. ಕಾಗದ ಕಾರ್ಖಾನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುತ್ತಾರೆ ಎಂಬ ಸುದ್ದಿಯ ಮೇಲೆ 2023ರಲ್ಲಿ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು.

ನಿವೃತ್ತಿಯ ಅಂಚಿನಲ್ಲಿದ್ದವರು ನೋವಿನಿಂದಲೇ ಆದರೂ ಬದುಕಿನ ಲೆಕ್ಕ ಮುಗಿಸಿಕೊಂಡರು. ಮೂವತ್ತೈದರಿಂದ ನಲವತ್ತೈದರ ನಡುವಿನವರ ಸ್ಥಿತಿ ಬೇರೆ. ಮಕ್ಕಳು ಹೈಸ್ಕೂಲಿನಲ್ಲಿ, ಮನೆ ಸಾಲ ಅರ್ಧದಲ್ಲಿ, ಅಪ್ಪ ಅಮ್ಮನ ಔಷಧಿ ಆಗಷ್ಟೇ ಶುರು. ಬೇರೆ ಕಾರ್ಖಾನೆಗೆ ಹೋಗಲು ವಯಸ್ಸು ಹೆಚ್ಚು, ಮನೆಯಲ್ಲಿ ಕೂರಲು ಕಡಿಮೆ. ಇಂಥ ಹೊತ್ತಿನಲ್ಲಿ ಹೆಂಡತಿ ಮಾಚೇನಹಳ್ಳಿಯ ಗಾರ್ಮೆಂಟ್ಸ್ ಕೆಲಸಕ್ಕೋ ಅಂಗಡಿ ಕೆಲಸಕ್ಕೋ ಹೊರಡುತ್ತಾರೆ. ಆ ಹೆಂಗಸಿನ ಉದ್ಯೋಗವನ್ನು ಸಬಲೀಕರಣ ಎಂದು ಕರೆಯಲು ನನ್ನ ಲೇಖನಿ ಸುಲಭವಾಗಿ ಒಪ್ಪುವುದಿಲ್ಲ. ಮೊದಲ ಸಂಬಳ ಕೈಗೆ ಬಂದ ದಿನದ ಹೆಮ್ಮೆಯನ್ನು ಅವರೇ ಹೇಳಿಕೊಳ್ಳುವಾಗ ಅದನ್ನು ಅಲ್ಲಗಳೆಯಲೂ ಆಗುವುದಿಲ್ಲ. ಎರಡನ್ನೂ ಬರೆದುಕೊಳ್ಳುತ್ತೇನೆ.

ಅವಿಭಕ್ತ ಕುಟುಂಬಗಳು ನಾಶವಾಗುತ್ತಿವೆಯೇ?

ಹಾಗೆ ಹೇಳುವುದು ಅವಸರ. ಗುಜರಾತಿನಲ್ಲಿ ಕೆಲಸ ಮಾಡಿದ ಸಮಾಜಶಾಸ್ತ್ರಜ್ಞ ಎ. ಎಂ. ಷಾ ಬಹಳ ಹಿಂದೆಯೇ ತೋರಿಸಿದಂತೆ ಅವಿಭಕ್ತ, ವಿಭಕ್ತ ಎನ್ನುವುದು ಒಂದೇ ಮನೆ ಬೇರೆ ಬೇರೆ ಕಾಲದಲ್ಲಿ ಹಾದುಹೋಗುವ ಹಂತಗಳೂ ಆಗಿರುತ್ತವೆ. ಮಗನಿಗೆ ಮದುವೆಯಾದರೆ ಮನೆ ದೊಡ್ಡದು, ಹಿಸ್ಸೆಯಾದರೆ ಚಿಕ್ಕದು, ವೃದ್ಧ ತಾಯಿ ಬಂದು ಸೇರಿಕೊಂಡರೆ ಮತ್ತೆ ದೊಡ್ಡದು.

ತೋಟ ಇದೆ, ಮನೆ ಇದೆ, ಆದರೂ ನಮ್ಮ ಮಗನಿಗೆ ಹೆಣ್ಣು ಸಿಗುತ್ತಿಲ್ಲ. ಹೆಣ್ಣುಮಕ್ಕಳನ್ನು ಅತಿಯಾಗಿ ಓದಿಸಿದ್ದೇ ತಪ್ಪಾಯಿತೇ?

ಖಂಡಿತ ಅಲ್ಲ. ಕೇಳುವವರ ಸಂಕಟ ನನಗೆ ಅರ್ಥವಾಗುತ್ತದೆ. ನಲವತ್ತರ ಹತ್ತಿರದ ಮಗ, ಎಪ್ಪತ್ತರ ತಾಯಿ, ದೊಡ್ಡ ಮನೆ, ಸಂಜೆಗೆ ಮಾತಿಗೆ ಮೂರನೆಯ ದನಿಯಿಲ್ಲ. ದೂರದ ರಾಜ್ಯಗಳಿಂದ ಸೊಸೆ ತಂದ ಕುಟುಂಬಗಳೂ ಇವೆ. ಆದರೆ ಹುಡುಗಿಯ ಜಾಗದಲ್ಲಿ ನಿಂತು ನೋಡಿ. ತೋಟದ ಮನೆಯಲ್ಲಿ ಹುಟ್ಟಿ ಬೆಳೆದ ಆಕೆ ತನ್ನ ಅಮ್ಮನ ದಿನಚರಿಯನ್ನು ಇಪ್ಪತ್ತು ವರ್ಷ ಹತ್ತಿರದಿಂದ ಕಂಡಿದ್ದಾಳೆ. ಆ ದುಡಿಮೆಗೆ ಹೆಸರಿಲ್ಲ, ಸಂಬಳವಿಲ್ಲ, ಪಹಣಿಯಲ್ಲಿ ಜಾಗವಿಲ್ಲ ಎಂಬುದನ್ನೂ ಕಂಡಿದ್ದಾಳೆ. ಎಷ್ಟೋ ಕಡೆ ಆ ಅಮ್ಮನೇ "ನೀನಾದರೂ ಪೇಟೆ ಸೇರು" ಎಂದು ಹೇಳಿ ಕಳಿಸಿದ್ದಾಳೆ. ಮಗನಿಗೆ ಹೆಣ್ಣು ಹುಡುಕುವ ಮನೆಗಳು ತಮ್ಮ ಮಗಳಿಗೆ ಹುಡುಕಿದ್ದು ಬೆಂಗಳೂರಿನ ವರನನ್ನೇ ಅಲ್ಲವೇ? ಸೊಸೆಯ ಹೆಸರನ್ನು ಜಮೀನಿನ ಕಾಗದದಲ್ಲಿ ಸೇರಿಸಲು, ಆಕೆಯ ಕೈಗೆ ನೇರ ಆದಾಯ ಕೊಡಲು, ಕೊಟ್ಟಿಗೆ ಕೆಲಸ ಹಂಚಿಕೊಳ್ಳಲು ಮನೆ ಸಿದ್ಧವಿದ್ದರೆ ಮಾತು ಅಲ್ಲಿಂದ ಶುರುವಾಗಬಹುದು.

ಹೆಣ್ಣುಮಕ್ಕಳ ಆಸ್ತಿ ಹಕ್ಕಿಗೂ ವಯಸ್ಸಿಗೂ ಏನು ಸಂಬಂಧ?

ನಮ್ಮ ರಾಜ್ಯದಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಜನ್ಮಸಿದ್ಧ ಹಕ್ಕು ಕೊಡುವ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಆದರೆ ಆ ದಿನಕ್ಕೆ ಮುಂಚೆ ಮದುವೆಯಾದ ಮಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಧಾರೆಯಾದ ಅಕ್ಕ ಹೊರಗೆ, ಡಿಸೆಂಬರಿನಲ್ಲಿ ಮದುವೆಯಾದ ತಂಗಿ ಒಳಗೆ. ಕೇಂದ್ರದ ಕಾನೂನು 2005ರ ಸೆಪ್ಟೆಂಬರ್ 9ರಿಂದ ಈ ಭೇದವನ್ನು ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಪಾಲು ಮುಗಿದಿತ್ತು. ಹಕ್ಕು ಇದ್ದರೂ ತವರಿನ ದಾರಿ ಮುಚ್ಚೀತೆಂಬ ಭಯಕ್ಕೆ ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಿದ ಅಕ್ಕತಂಗಿಯರು ಎಲ್ಲ ಊರುಗಳಲ್ಲೂ ಇದ್ದಾರೆ. ಆ ಸಹಿಯನ್ನು ಪ್ರೀತಿ ಎಂದು ಮಾತ್ರ ಓದುವುದು ಅನ್ಯಾಯ.

ಹಳಬರಿಗೆ ಇಸವಿಗಳು ನೆನಪಿರುವುದಿಲ್ಲ. ಹೇಗೆ ದಾಖಲಿಸುತ್ತೀರಿ?

ಜೀವನ ಪಂಚಾಂಗ ಎನ್ನಬಹುದಾದ ಒಂದು ಹಾಳೆಯನ್ನು ಬಳಸುತ್ತೇನೆ. ಈ ವಿಧಾನ 1980ರ ದಶಕದ ಕೊನೆಯಿಂದ ಜಗತ್ತಿನ ಹಲವೆಡೆ ಬಳಕೆಯಲ್ಲಿದೆ. ಎಡಗಡೆ ವರ್ಷಗಳು. ಮೇಲುಗಡೆ ವಾಸದ ಊರು, ಮದುವೆ ಮತ್ತು ಮಕ್ಕಳು, ದುಡಿಮೆ, ಜಮೀನು, ಕಾಯಿಲೆ ಎಂಬ ತಲೆಬರಹದ ಸಾಲುಗಳು. ಮೊದಲು ಮರೆಯಲಾಗದ್ದನ್ನು ತುಂಬುತ್ತೇವೆ, ಅದರ ಸುತ್ತ ಉಳಿದದ್ದು ತಾನಾಗಿ ಬಂದು ಕೂರುತ್ತದೆ.

ಇಲ್ಲಿ ನಮ್ಮ ಸೀಮೆಯ ಜನರ ಕಾಲಗಣನೆ ದೊಡ್ಡ ವರದಾನ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. "ದೊಡ್ಡ ಮಗಳು ಹೊಟ್ಟೆಯಲ್ಲಿದ್ದಾಗ ಜಾತ್ರೆಗೆ ಹೋಗಲಾಗಲಿಲ್ಲ" ಎಂದರೆ ಮೂರರಲ್ಲಿ ಒಂದು ವರ್ಷ ಖಚಿತವಾಯಿತು. ಮುಳುಗಡೆಯ ವರ್ಷ, ಗೇಣಿ ಡಿಕ್ಲರೇಷನ್ ಕೊಟ್ಟ ವರ್ಷ, ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ನಿಂತ 1978, ಅವರ ಹತ್ಯೆಯಾದ 1984, ರಾಜ್‌ಕುಮಾರ್ ಅಪಹರಣದ 2000, ಇವೆಲ್ಲ ಗೂಟಗಳು. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಆಮೇಲೆ ಯಾವ ಊರಿಗೆ ಯಾವಾಗ ಬಂತು ಎಂಬುದೂ ಅಲ್ಲಿನವರಿಗೆ ನಿಚ್ಚಳವಾಗಿ ನೆನಪಿರುತ್ತದೆ, ಏಕೆಂದರೆ ದರಕು (ಉದುರಿದ ಒಣ ಎಲೆ) ತರಲು ಕಾಡಿಗೆ ಹೋಗುವುದು ಆ ಬೇಸಗೆ ನಿಂತಿತ್ತು.

ಹಾಳೆ ತುಂಬಿದ ಮೇಲೆ ದುಡಿಮೆಯ ಸಾಲಿನಲ್ಲಿ ಖಾಲಿ ಉಳಿದ ವರ್ಷಗಳನ್ನು ನೋಡಬೇಕು. ಹೆಂಗಸರು "ಆಗ ಏನೂ ಮಾಡುತ್ತಿರಲಿಲ್ಲ" ಎಂದ ವರ್ಷಗಳ ನೇರಕ್ಕೆ ಕಾಯಿಲೆಯ ಸಾಲಿನಲ್ಲಿ ಮಾವನ ಪಾರ್ಶ್ವವಾಯು, ಅತ್ತೆಯ ಕೊನೆಗಾಲ, ಮಗುವಿನ ದೀರ್ಘ ಜ್ವರ ಬರೆದಿರುತ್ತದೆ. ಹಾಳೆಯ ಆ ಖಾಲಿ ಜಾಗಗಳೇ ನನ್ನ ಸಂಶೋಧನೆಯ ತಿರುಳು.

ನಮ್ಮ ಮನೆಯ ಗುಟ್ಟು ಊರಿಗೆಲ್ಲ ತಿಳಿಯುವುದಿಲ್ಲವೇ?

ನ್ಯಾಯವಾದ ಭಯ. ಐವತ್ತು ಮನೆಯ ಊರಿನಲ್ಲಿ ಹೆಸರು ಬದಲಿಸಿದರೆ ಸಾಲದು, "ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ ಅಮೆರಿಕದಲ್ಲಿ" ಎಂದರೆ ಮನೆ ಗೊತ್ತಾಗಿಬಿಡುತ್ತದೆ. ಆದ್ದರಿಂದ ಊರು, ಮಕ್ಕಳ ಸಂಖ್ಯೆ, ಉದ್ಯೋಗದ ವಿವರಗಳನ್ನೂ ಬರೆಯುವಾಗ ಮರೆಮಾಡುತ್ತೇನೆ. ಹೆಂಗಸರ ಜೊತೆ ಅವರಿಗೆ ಬಿಡುವಾದಾಗ, ಅವರು ಬಯಸಿದ ಜಾಗದಲ್ಲಿ ಮಾತನಾಡುತ್ತೇನೆ. ಬೇಡವೆನಿಸಿದ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲ. ಹೇಳಿದ್ದನ್ನು ಆಮೇಲೆ ಹಿಂತೆಗೆದುಕೊಳ್ಳಬಹುದು. ಹಾಗೆ ಕೇಳಿದವರ ಮಾತನ್ನು ಅಳಿಸುತ್ತೇನೆ, ಅದು ಎಷ್ಟೇ ಅಮೂಲ್ಯವಾಗಿದ್ದರೂ.

ಇದರಿಂದ ನಮಗೇನು ಸಿಗುತ್ತದೆ?

ಸಂದರ್ಶನ ಕೊಟ್ಟವರಿಗೆ ನೇರವಾಗಿ ಏನೂ ಸಿಗುವುದಿಲ್ಲ. ಯೋಜನೆ ಮಾಡುವವರ ಮುಂದೆ ಇಡಲು ಸಾಕ್ಷ್ಯ ಸಿಗುತ್ತದೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣವಿದೆ. ಮಲೆನಾಡಿನ ಎಷ್ಟೋ ಒಳದಾರಿಗಳಲ್ಲಿ ಓಡುವುದು ಖಾಸಗಿ ಬಸ್, ಅಲ್ಲಿ ಟಿಕೆಟ್ ಕೊಳ್ಳಲೇಬೇಕು. ಮಧ್ಯಾಹ್ನದ ಮೇಲೆ ಅಂಗನವಾಡಿ ಬಾಗಿಲು ಹಾಕುತ್ತದೆ, ತೋಟದ ಕೆಲಸವೂ ಗಾರ್ಮೆಂಟ್ಸ್ ಕೆಲಸವೂ ಸಂಜೆಯವರೆಗೆ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು, ಆದರೆ ಕೂಲಿಯ ಹೆಂಗಸಿಗೆ ರಜೆ ಕೊಡುವ ಮಾಲೀಕನೇ ಇಲ್ಲ. ಗ್ರಾಮ ಪಂಚಾಯಿತಿಗಳ ಕೂಸಿನ ಮನೆಗಳು (ಶಿಶುಪಾಲನಾ ಕೇಂದ್ರಗಳು) ಒಳ್ಳೆಯ ಆರಂಭ. ಅವು ಕೊಯ್ಲಿನ ತಿಂಗಳುಗಳಲ್ಲಿ ಎಷ್ಟು ಹೊತ್ತು ತೆರೆದಿರುತ್ತವೆ ಎಂದು ನಿಮ್ಮ ಗ್ರಾಮಸಭೆಯಲ್ಲಿ ಕೇಳಿ.

ನಾನು ವಿದ್ಯಾರ್ಥಿ. ಎಲ್ಲಿಂದ ಶುರು ಮಾಡಲಿ?

ನಿಮ್ಮ ಮನೆಯಿಂದಲೇ. ಒಂದು ಹಾಳೆಯಲ್ಲಿ ಗೆರೆ ಎಳೆದು ಅಮ್ಮನದೋ ಅಜ್ಜಿಯದೋ ಪಂಚಾಂಗ ತುಂಬಿ, ಪಕ್ಕದಲ್ಲಿ ಅಪ್ಪನದನ್ನೂ ತುಂಬಿ. ಮೊದಲ ದಿನ ಮುಗಿಯುವುದಿಲ್ಲ, ಮುಗಿಸಲು ಹೋಗಬೇಡಿ. ಇಬ್ಬರ ನೆನಪು ಒಂದೇ ವರ್ಷದ ಬಗ್ಗೆ ಬೇರೆ ಬೇರೆಯಾಗಿ ಬಂದರೆ ಯಾರದು ಸರಿ ಎಂದು ತೀರ್ಪು ಕೊಡದೆ ಎರಡನ್ನೂ ಬರೆದಿಟ್ಟುಕೊಳ್ಳಿ, ಒಬ್ಬರ ಮುಂದೆ ಇನ್ನೊಬ್ಬರದನ್ನು ಓದಬೇಡಿ.